ಬಿ.ಕಾಂ ಓದಿದ ಮಕ್ಕಳಿಗೆ ಅಂಗಡಿಯ ಒಂದು ಪತ್ರ ಬರೆಯಲು ಯಾಕೆ ಕಷ್ಟ? ಕಾಲೇಜಿನ ‘ಬಿಸಿನೆಸ್ ಕಮ್ಯುನಿಕೇಶನ್’ ಪೇಟೆಗೆ ಉಪಯೋಗಕ್ಕೆ ಬರುವುದು ಹೀಗೆ

ಪುಂಜಾಲಕಟ್ಟೆ: ಒಂದು ಹಾರ್ಡ್‌ವೇರ್ ಅಂಗಡಿ ಎಂದಿಟ್ಟುಕೊಳ್ಳಿ. ಮನೆ ಕಟ್ಟಿಸುವ ಕಂಟ್ರಾಕ್ಟರ್ ಒಬ್ಬರು ಸಿಮೆಂಟು, ಕಬ್ಬಿಣ ಸಾಲಕ್ಕೆ ಕೊಂಡೊಯ್ದು ಕೊನೆಗೆ 86,400 ರೂಪಾಯಿಯ ಚೆಕ್ ಕೊಟ್ಟಿದ್ದಾರೆ. ಚೆಕ್ ಬ್ಯಾಂಕಿಗೆ ಹೋಯಿತು, ಹಣ ಇಲ್ಲ ಎಂದು ವಾಪಸ್ ಬಂತು. ಅಂಗಡಿಯವರು ನಾಲ್ಕು ಸಲ ಫೋನ್ ಮಾಡಿದರು. ‘ನಾಳೆ ಕೊಡುವಾ ಮಾರ್ರೆ’ ಎಂಬ ಉತ್ತರ ಬಿಟ್ಟರೆ ಬೇರೇನೂ ಸಿಗಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅಪ್ಪ ಮಗಳನ್ನು ಕೇಳಿದರು: ‘ನೀನು ಬಿ.ಕಾಂ ಎರಡನೇ ವರ್ಷ ಅಲ್ವಾ? ಅವನಿಗೆ ಸರಿಯಾಗಿ ಒಂದು ಲೆಟರ್ ಬರಿ ನೋಡುವಾ.’

ಮಗಳು ಬರೆದದ್ದು ಇಂಗ್ಲಿಷಿನಲ್ಲಿ. ‘ರೆಸ್ಪೆಕ್ಟೆಡ್ ಸರ್’ ಎಂದು ಶುರು, ‘ವಿತ್ ಡ್ಯೂ ರೆಸ್ಪೆಕ್ಟ್’ ಎಂದು ಮುಂದುವರಿಕೆ, ‘ಥ್ಯಾಂಕಿಂಗ್ ಯೂ’ ಎಂದು ಮುಗಿತಾಯ. ನಡುವೆ ಎರಡು ಸಾಲು ಬೇಸರ. ಚೆಕ್ ಸಂಖ್ಯೆ ಇಲ್ಲ, ಬಿಲ್ ಸಂಖ್ಯೆ ಇಲ್ಲ, ಎಷ್ಟು ದಿನದೊಳಗೆ ಕೊಡಬೇಕು ಎಂದೂ ಇಲ್ಲ. ಎರಡು ದಿನ ಜ್ವರ ಬಂದಾಗ ಪ್ರಿನ್ಸಿಪಾಲರಿಗೆ ಬರೆಯುವ ರಜಾ ಅರ್ಜಿಯ ಧಾಟಿ ಅದು. ಅಪ್ಪ ಓದಿ, ‘ಇದರಲ್ಲಿ ನಾವೇ ಅವನಿಗೆ ದುಡ್ಡು ಕೊಡಬೇಕು ಅಂತ ಕಾಣ್ತದಲ್ಲ’ ಎಂದರಂತೆ.

ಇದು ಕಟ್ಟಿದ ಉದಾಹರಣೆ ನಿಜ. ಆದರೆ ಪುಂಜಾಲಕಟ್ಟೆ, ಮಡಂತ್ಯಾರು, ವಾಮದಪದವು ಪೇಟೆಗಳಲ್ಲಿ ಅಂಗಡಿ ಇಟ್ಟುಕೊಂಡು ಮಕ್ಕಳನ್ನು ಡಿಗ್ರಿಗೆ ಕಳುಹಿಸುತ್ತಿರುವ ಮನೆಗಳಿಗೆ ಇದು ಹೊಸ ಕತೆಯಲ್ಲ.

ಹಾಗಾದರೆ ಕಾಲೇಜಿನಲ್ಲಿ ಕಲಿಸುವುದೇನು?

1980ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಶುರುವಾದಾಗಿನಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಪದವಿ ಕಾಲೇಜುಗಳು ಅದರ ಅಡಿಯಲ್ಲೇ ನಡೆದು ಬಂದಿವೆ. ಪುಂಜಾಲಕಟ್ಟೆಯ ಸರಕಾರಿ ಪ್ರಥಮ ದರ್ಜೆ ಕಾಲೇಜು ಕೂಡ ಅದರಲ್ಲೊಂದು. ಉಜಿರೆಯ ಎಸ್‌ಡಿಎಂ ಕಾಲೇಜಿನಂಥ ಸ್ವಾಯತ್ತ ಸಂಸ್ಥೆಗಳು ತಮ್ಮ ಪಠ್ಯವನ್ನು ತಾವೇ ರೂಪಿಸಿಕೊಳ್ಳುತ್ತವೆ. ಎಲ್ಲಿ ಓದಿದರೂ ವಾಣಿಜ್ಯ, ವ್ಯವಹಾರಾಡಳಿತ ವಿದ್ಯಾರ್ಥಿಗೆ ‘ಬಿಸಿನೆಸ್ ಕಮ್ಯುನಿಕೇಶನ್’ ಎಂಬ ಮಾತು ಒಂದಲ್ಲ ಒಂದು ಕಡೆ ಎದುರಾಗುತ್ತದೆ. ಒಮ್ಮೆ ಅದು ಬೇರೆಯದೇ ವಿಷಯವಾಗಿ ಇರುತ್ತದೆ, ಇನ್ನೊಮ್ಮೆ ಇಂಗ್ಲಿಷ್ ಪಾಠದ ಒಂದು ಘಟಕವಾಗಿ, ಮತ್ತೊಮ್ಮೆ ಆಯ್ಕೆಯ ವಿಷಯವಾಗಿ.

ಈ ಜಾಗ ಬದಲಾವಣೆಯೇ ಒಂದು ತಲೆನೋವು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪಠ್ಯ ಬದಲಾಯಿತು. ಡಿಜಿಟಲ್ ಫ್ಲುಯೆನ್ಸಿಯಂಥ ಹೊಸ ಕೌಶಲ ವಿಷಯಗಳು ಬಂದವು. 2024-25ರಿಂದ ರಾಜ್ಯ ಸರಕಾರ ನಾಲ್ಕು ವರ್ಷದ ಪದವಿಯನ್ನು ಬಿಟ್ಟು ಮೂರು ವರ್ಷಕ್ಕೆ ವಾಪಸ್ ಬಂತು, ಪಠ್ಯ ಮತ್ತೆ ಹೊಸತಾಯಿತು. ಒಂದೇ ಮನೆಯ ಅಣ್ಣ, ಅಕ್ಕ, ತಂಗಿ ಮೂವರೂ ಒಂದೇ ಕಾಲೇಜಿಗೆ ಹೋಗಿದ್ದರೂ ಮೂರು ಬೇರೆ ಬೇರೆ ಪಠ್ಯ ಓದಿರುವ ಸಾಧ್ಯತೆ ಉಂಟು. ಅಕ್ಕನ ನೋಟ್ಸ್ ತಂಗಿಗೆ ಆಗುವುದಿಲ್ಲ.

ಒಳಗಿನ ಸರಕು ಮಾತ್ರ ಹೆಚ್ಚು ಬದಲಾಗಿಲ್ಲ. ವಿಚಾರಣೆ ಪತ್ರ, ದರಪಟ್ಟಿ, ಆರ್ಡರ್, ದೂರಿನ ಪತ್ರ, ಅದಕ್ಕೆ ಸಮಾಧಾನದ ಉತ್ತರ, ಬಾಕಿ ವಸೂಲಿ ಪತ್ರ, ಸುತ್ತೋಲೆ, ಸಭೆಯ ನಡಾವಳಿ, ವರದಿ, ಇಮೇಲ್, ಬಯೋಡೇಟಾ ಇವೇ ಮುಖ್ಯ. ಪಟ್ಟಿ ನೋಡಿದರೆ ಒಂದು ಅಂಗಡಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ತೊಂದರೆ ಇರುವುದು ಕಲಿಯುವ ರೀತಿಯಲ್ಲಿ. ಹಲವು ಕಡೆ ಇದನ್ನು ‘ಪತ್ರದ ಭಾಗಗಳು ಯಾವುವು?’ ಎಂಬ ಹತ್ತು ಅಂಕದ ಪ್ರಶ್ನೆಯಾಗಿ ಓದುತ್ತಾರೆ. ತಲೆಬರಹ, ಒಳವಿಳಾಸ, ಸಂಬೋಧನೆ, ಒಡಲು, ಮುಕ್ತಾಯ ಎಂದು ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ. ಪತ್ರ ಬರೆಯದೆಯೇ ಪತ್ರದ ಪರೀಕ್ಷೆ ಪಾಸಾಗಬಹುದು. ಸೈಕಲಿನ ಬಿಡಿಭಾಗಗಳ ಹೆಸರು ಗೊತ್ತಿದ್ದವನಿಗೆ ಸೈಕಲ್ ಬಿಡಲು ಬರಬೇಕೆಂದೇನೂ ಇಲ್ಲವಲ್ಲ.

ಇನ್ನೊಂದು ಸಂಗತಿ ನಮ್ಮ ಕಡೆಗೇ ವಿಶೇಷ. ಇಲ್ಲಿ ಅಂಗಡಿಯ ಮಾತು ತುಳು. ಕೆಲವರಿಗೆ ಬ್ಯಾರಿ, ಕೊಂಕಣಿ. ಶಾಲೆಯಲ್ಲಿ ಬರೆದದ್ದು ಕನ್ನಡ. ಡಿಗ್ರಿಯಲ್ಲಿ ವ್ಯವಹಾರದ ಪತ್ರ ಕಲಿಯುವುದು ಇಂಗ್ಲಿಷಿನಲ್ಲಿ. ಮೂರು ಭಾಷೆಯ ಮೆಟ್ಟಿಲು ಹತ್ತುವಾಗ ಹೇಳಬೇಕಾದ ವಿಷಯವೇ ಎಲ್ಲೋ ಬಿದ್ದು ಹೋಗುತ್ತದೆ. ತುಳುವಿನಲ್ಲಿ ಅದೇ ಮಗಳು ಫೋನಿನಲ್ಲಿ ಮಾತಾಡಿದ್ದರೆ ಚೆಕ್ ನಂಬರಿನಿಂದ ಹಿಡಿದು ಕಬ್ಬಿಣದ ತೂಕದ ತನಕ ಬಿಡದೆ ಹೇಳುತ್ತಿದ್ದಳು.

ಚೆಕ್ ವಾಪಸಾದರೆ ಪತ್ರವೇ ಆಸ್ತಿ

ಈ ಚೆಕ್ಕಿನ ವಿಷಯವನ್ನೇ ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಇಲ್ಲಿ ಬರವಣಿಗೆ ತಪ್ಪಿದರೆ ಹಣ ಹೋಗುತ್ತದೆ.

ಚೆಕ್ ಬೌನ್ಸ್ ಆದಾಗ ನೆರವಿಗೆ ಬರುವುದು 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ. ಚೆಕ್ಕನ್ನು ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿರಬೇಕು. ವಾಪಸಾದ ಮಾಹಿತಿ ಬ್ಯಾಂಕಿನಿಂದ ಕೈಸೇರಿದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಕಳುಹಿಸಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ ಸಮಯ. ಆ 15 ದಿನದಲ್ಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು ಹೂಡಬೇಕು. ಅಪರಾಧ ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು.

ನಮ್ಮ ಪೇಟೆಯವರು ಜಾರುವುದು ಮೊದಲ 30 ದಿನದಲ್ಲಿ. ‘ಪರಿಚಯದವನು, ಕೊಡ್ತಾನೆ’ ಎಂದು ಫೋನ್ ಮಾಡುತ್ತಾ ಕೂತರೆ ದಿನ ಕಳೆಯುತ್ತದೆ. ಎಷ್ಟು ಸಲ ಫೋನ್ ಮಾಡಿದರೂ ಅದು ಲಿಖಿತ ನೋಟಿಸ್ ಆಗುವುದಿಲ್ಲ.

ನೋಟಿಸ್ ವಕೀಲರ ಮೂಲಕವೇ ಹೋಗಬೇಕೆಂದು ಕಾಯ್ದೆ ಹೇಳುವುದಿಲ್ಲ. ಬರಹದಲ್ಲಿರಬೇಕು, ಚೆಕ್ಕಿನ ಹಣ ಕೇಳಿರಬೇಕು, ಅಷ್ಟೇ. ದೊಡ್ಡ ಮೊತ್ತವಾದರೆ ವಕೀಲರ ಹತ್ತಿರ ಹೋಗುವುದೇ ಒಳ್ಳೆಯದು, ಅದು ಬೇರೆ ಮಾತು. ಆದರೆ ಮೊತ್ತವನ್ನು ಬರೆಯುವಲ್ಲಿ ಎಷ್ಟು ಎಚ್ಚರ ಬೇಕು ಎಂಬುದಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪನ್ನು ನೋಡಬೇಕು. ಅಲ್ಲಿ ಚೆಕ್ ಇದ್ದದ್ದು 1 ಕೋಟಿ ರೂಪಾಯಿಗೆ. ನೋಟಿಸ್‌ನಲ್ಲಿ ಕೇಳಿದ್ದು 2 ಕೋಟಿ. ಟೈಪಿಂಗ್ ತಪ್ಪು ಎಂದು ವಾದಿಸಿದರೂ ನ್ಯಾಯಾಲಯ ಒಪ್ಪಲಿಲ್ಲ. ನೋಟಿಸ್‌ನಲ್ಲಿ ಕೇಳುವ ಮೊತ್ತ ಚೆಕ್ಕಿನ ಮೊತ್ತವೇ ಆಗಿರಬೇಕು, ಇಲ್ಲವಾದರೆ ನೋಟಿಸೇ ಊರ್ಜಿತವಲ್ಲ ಎಂದಿತು. ಒಂದು ಅಂಕಿಯ ತಪ್ಪಿಗೆ ಇಡೀ ಪ್ರಕರಣ ಬಿದ್ದುಹೋಯಿತು. ಪರೀಕ್ಷೆಯಲ್ಲಾದರೆ ಅರ್ಧ ಅಂಕ ಹೋಗುತ್ತಿತ್ತು.

ಹಾಗಾದರೆ ಆ ಮಗಳು ಬರೆಯಬೇಕಾದ ಪತ್ರ ಹೇಗಿರಬೇಕಿತ್ತು? ಕನ್ನಡದಲ್ಲೇ, ಇಷ್ಟು ಸಾಕು:

‘ವಿಷಯ: ವಾಪಸಾದ 86,400 ರೂ. ಚೆಕ್ಕಿನ ಹಣ ಪಾವತಿಸುವ ಬಗ್ಗೆ. ಮಾನ್ಯರೇ, ನೀವು ನಮ್ಮ ಅಂಗಡಿಯಿಂದ ಬಿಲ್ ಸಂಖ್ಯೆ 211, 219 ಮತ್ತು 230ರಂತೆ ಸಿಮೆಂಟ್ ಹಾಗೂ ಕಬ್ಬಿಣ ಖರೀದಿಸಿದ್ದೀರಿ. ಆ ಬಾಬ್ತು ನೀವು ಕೊಟ್ಟ 86,400 ರೂ. ಚೆಕ್ (ಸಂಖ್ಯೆ, ದಿನಾಂಕ, ಬ್ಯಾಂಕ್ ಮತ್ತು ಶಾಖೆ) ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂಬ ಕಾರಣಕ್ಕೆ ವಾಪಸಾಗಿದೆ. ಬ್ಯಾಂಕಿನ ಮೆಮೊ ಇದೇ ತಿಂಗಳ 12ರಂದು ನಮಗೆ ತಲುಪಿದೆ. ಈ ನೋಟಿಸ್ ತಲುಪಿದ 15 ದಿನದೊಳಗೆ ಚೆಕ್ ಮೊತ್ತ 86,400 ರೂ. (ಎಂಬತ್ತಾರು ಸಾವಿರದ ನಾನೂರು ರೂಪಾಯಿ) ಪಾವತಿಸಬೇಕು. ತಪ್ಪಿದಲ್ಲಿ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರಂತೆ ಕ್ರಮ ಕೈಗೊಳ್ಳಲಾಗುವುದು.’

ಇದರಲ್ಲಿ ಬೈಗುಳ ಇಲ್ಲ, ಬೇಸರ ಇಲ್ಲ, ‘ವಿತ್ ಡ್ಯೂ ರೆಸ್ಪೆಕ್ಟ್’ ಕೂಡ ಇಲ್ಲ. ಯಾರು, ಯಾವಾಗ, ಎಷ್ಟು, ಏನಾಯಿತು, ಈಗ ಏನು ಬೇಕು, ಯಾವ ದಿನದೊಳಗೆ ಎಂಬುದು ಮಾತ್ರ ಉಂಟು. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಉಂಟು. ಪತ್ರದ ಪ್ರತಿ ಇಟ್ಟುಕೊಂಡು, ತಲುಪಿದ್ದಕ್ಕೆ ದಾಖಲೆ ಸಿಗುವ ಹಾಗೆ ಅಂಚೆಯಲ್ಲಿ ಕಳುಹಿಸಬೇಕು. ಹಿಂದಿನ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜತೆ ಸೇರಿಹೋಗಿದೆ. ಹಾಗಾಗಿ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಎಂದೇ ಕೇಳಿ, ವಿಳಾಸದಾರರ ಕೈಗೇ ಕೊಡುವ ರಿಜಿಸ್ಟ್ರೇಶನ್ ಸೌಲಭ್ಯವನ್ನು ಜತೆಗೆ ಪಡೆಯಬೇಕಾಗುತ್ತದೆ.

ನೋಟಿಸ್‌ಗೂ ಮೊದಲಿನ ಪತ್ರಗಳು

ಪಠ್ಯಪುಸ್ತಕದಲ್ಲಿ ‘ಕಲೆಕ್ಷನ್ ಲೆಟರ್ಸ್’ ಎಂಬ ಅಧ್ಯಾಯ ಇರುತ್ತದೆ. ಬಾಕಿ ಕೇಳುವ ಪತ್ರವನ್ನು ಒಂದೇ ಸಲ ಗಟ್ಟಿಯಾಗಿ ಬರೆಯುವುದಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬರೆಯಬೇಕು ಎನ್ನುತ್ತದೆ ಅದು. ಮೊದಲು ಬರೇ ನೆನಪು, ಆಮೇಲೆ ಕಾರಣ ವಿಚಾರಣೆ, ಆಮೇಲೆ ದಿನಾಂಕ ಹಾಕಿ ಒತ್ತಾಯ, ಕೊನೆಗೆ ಕಾನೂನು ಕ್ರಮದ ಸೂಚನೆ. ವಿದ್ಯಾರ್ಥಿಗಳು ಇದನ್ನು ಪರೀಕ್ಷೆಗೆಂದು ಓದಿ ಮರೆಯುತ್ತಾರೆ. ನಿಜಕ್ಕೂ ಸಣ್ಣ ಪೇಟೆಗೆ ಇದರಷ್ಟು ಹೊಂದುವ ಪಾಠ ಬೇರೆ ಇಲ್ಲ. ಇಲ್ಲಿ ಸಾಲ ತಂದವರು ನಾಳೆ ಕೋಲಕ್ಕೆ, ಮದುವೆಗೆ, ಜಾತ್ರೆಗೆ ಎದುರು ಸಿಗುವವರು. ಮುಖ ಮುರಿದುಕೊಂಡರೆ ಹಣದ ಜತೆ ಗಿರಾಕಿಯೂ ಹೋದ ಹಾಗೆ. ಮೊದಲ ನೆನಪಿನ ಪತ್ರ ಅಥವಾ ಮೆಸೇಜು ‘ಬಹುಶಃ ನಿಮ್ಮ ಗಮನ ತಪ್ಪಿರಬಹುದು’ ಎಂಬ ಧಾಟಿಯಲ್ಲಿದ್ದರೆ ಸಂಬಂಧವೂ ಉಳಿಯುತ್ತದೆ, ದಾಖಲೆಯೂ ಆಗುತ್ತದೆ.

ದಾಖಲೆ ಯಾಕೆ ಬೇಕು ಎಂದರೆ ಮೂರು ವರ್ಷದ ಲೆಕ್ಕ ಉಂಟು. 1963ರ ಕಾಲಮಿತಿ ಕಾಯ್ದೆಯಂತೆ ಮಾರಿದ ಸಾಮಾನಿನ ಹಣಕ್ಕೆ ದಾವೆ ಹೂಡಲು ಮೂರು ವರ್ಷ ಮಾತ್ರ ಅವಕಾಶ. ಸಾಲಕ್ಕೆ ಇಂತಿಷ್ಟು ದಿನ ಎಂದು ಗಡುವು ಕೊಟ್ಟಿದ್ದರೆ ಆ ಗಡುವು ಮುಗಿದಂದಿನಿಂದ, ಇಲ್ಲದಿದ್ದರೆ ಸಾಮಾನು ಕೊಟ್ಟಂದಿನಿಂದ ಲೆಕ್ಕ. ಆದರೆ ಆ ಅವಧಿ ಮುಗಿಯುವ ಮೊದಲೇ ಸಾಲಗಾರ ‘ಹೌದು, ನಾನು ಕೊಡಲು ಬಾಕಿ ಉಂಟು’ ಎಂದು ಬರೆದು ಸಹಿ ಹಾಕಿ ಕೊಟ್ಟರೆ, ಕಾಯ್ದೆಯ 18ನೇ ಕಲಂನಂತೆ ಆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಶುರು. ಅಂದರೆ ವರ್ಷದ ಕೊನೆಗೆ ಸಾಲದ ಪುಸ್ತಕದ ಬಾಕಿಯ ಕೆಳಗೆ ಗಿರಾಕಿಯ ಒಂದು ಸಹಿ, ಒಂದು ದಿನಾಂಕ ತೆಗೆದುಕೊಂಡರೆ ಅದೇ ಒಂದು ವ್ಯವಹಾರ ಪತ್ರ. ಹಳೆಯ ಜವಳಿ ಅಂಗಡಿಯವರು, ಅಡಿಕೆ ಮಂಡಿಯವರು ಇದನ್ನು ಯಾವ ಕಾಲೇಜಿಗೂ ಹೋಗದೆ ಮಾಡುತ್ತಿದ್ದರು.

ಮಕ್ಕಳು ಕಾಲೇಜಿನಿಂದ ತರಬೇಕಾದ ಮುಖ್ಯ ವಿದ್ಯೆ ಇಷ್ಟೇ: ಈ ಕಾಗದವನ್ನು ಮುಂದೆ ಯಾರು ಓದುತ್ತಾರೆ, ಯಾವಾಗ ಓದುತ್ತಾರೆ ಎಂದು ಬರೆಯುವ ಮೊದಲೇ ಯೋಚಿಸುವುದು. ಬಾಕಿದಾರ ಇವತ್ತು ಓದುತ್ತಾನೆ. ನ್ಯಾಯಾಧೀಶರು ಎರಡು ವರ್ಷ ಬಿಟ್ಟು ಓದಬಹುದು. ಇಬ್ಬರಿಗೂ ಅರ್ಥವಾಗಬೇಕು.

ಯುಪಿಐ ನೋಟಿಸ್ ಬಂದಾಗ ಕೈ ನಡುಗಿದ್ದು ಯಾಕೆ?

2025ರ ಜುಲೈ ತಿಂಗಳು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಇನ್ನೂ ನೆನಪಿರಬಹುದು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಮಂದಿಗೆ ನೋಟಿಸ್ ಕಳುಹಿಸಿತು. ಬೇಕರಿ, ಚಾದಂಗಡಿ, ತರಕಾರಿ ಅಂಗಡಿಗಳವರು ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಎಂದು ಬೋರ್ಡ್ ಹಾಕಿದರು. ಬಂದ್ ಕರೆಯೂ ಬಂತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು.

ಆ ನೋಟಿಸ್‌ಗಳು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಇಲ್ಲಿ ನೋಡಬೇಕಾದದ್ದು, ಹಲವರಿಗೆ ಹೇಳಲು ಉತ್ತರ ಇತ್ತು, ಬರೆಯಲು ಬರಲಿಲ್ಲ ಎಂಬುದು. ವರ್ಷಕ್ಕೆ ಸಾಮಾನು ಮಾರಾಟ 40 ಲಕ್ಷ ರೂಪಾಯಿ, ಸೇವೆಯಾದರೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಆದರೆ ಯುಪಿಐಗೆ ಬಂದದ್ದೆಲ್ಲ ಮಾರಾಟ ಅಲ್ಲ. ಮಗ ದುಬಾಯಿಯಿಂದ ಕಳುಹಿಸಿ ಅಣ್ಣನ ಖಾತೆಯ ಮೂಲಕ ಬಂದ ಹಣ, ಕೈಸಾಲ ವಾಪಸ್ ಬಂದದ್ದು, ಸಂಘದ ವಂತಿಗೆ ಎಲ್ಲವೂ ಅದೇ ನಂಬರಿಗೆ ಬಂದಿರುತ್ತದೆ. ತಾಜಾ ತರಕಾರಿ, ಹಾಲಿನಂಥವಕ್ಕೆ ತೆರಿಗೆಯೇ ಇಲ್ಲ. ಇದನ್ನು ಕಚೇರಿಗೆ ಹೋಗಿ ಕೈ ಮುಗಿದು ಹೇಳಿದರೆ ಕಡತದಲ್ಲಿ ಏನೂ ಉಳಿಯುವುದಿಲ್ಲ. ನೋಟಿಸ್ ಸಂಖ್ಯೆ ಹಾಕಿ, ಒಟ್ಟು ಬಂದದ್ದು ಇಷ್ಟು, ಅದರಲ್ಲಿ ವ್ಯಾಪಾರಕ್ಕೆ ಸೇರದ್ದು ಇಷ್ಟು, ತೆರಿಗೆ ಇಲ್ಲದ ಸಾಮಾನಿನದ್ದು ಇಷ್ಟು, ಉಳಿದದ್ದು ಇಷ್ಟು ಎಂದು ನಾಲ್ಕು ಸಾಲಿನ ಕೋಷ್ಟಕ ಮಾಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿದರೆ ಅದು ಉತ್ತರ. ಬಿ.ಕಾಂ ವಿದ್ಯಾರ್ಥಿ ಓದುವ ‘ರಿಪೋರ್ಟ್ ರೈಟಿಂಗ್’ ಎಂದರೆ ಇದೇ, ಬೇರೆ ಏನೂ ಅಲ್ಲ.

ಈ ಭಯಕ್ಕೆ ಇನ್ನೊಂದು ಮೂಲವೂ ಇದೆ. ನಮ್ಮ ಅವಿಭಜಿತ ಜಿಲ್ಲೆ ಬ್ಯಾಂಕುಗಳ ತವರು. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದವು. 1928ರಲ್ಲಿ ಸಿಂಡಿಕೇಟ್‌ನವರು ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆಯನ್ನು ಏಜೆಂಟರು ಮನೆ ಬಾಗಿಲಿಗೇ ಬಂದು ಪಡೆಯುತ್ತಿದ್ದರು. ಆ ಕಾಲದಲ್ಲಿ ಬ್ಯಾಂಕಿನ ವ್ಯವಹಾರ ಎಂದರೆ ಅರ್ಧ ಮಾತು, ಅರ್ಧ ನಂಬಿಕೆ. ಮ್ಯಾನೇಜರ್ ತುಳುವಿನಲ್ಲೇ ಕೇಳುತ್ತಿದ್ದರು, ತುಳುವಿನಲ್ಲೇ ಗದರುತ್ತಿದ್ದರು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬರೋಡಾಕ್ಕೆ, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಈಗ ಕೌಂಟರಿನಲ್ಲಿ ಕೂತವರು ದೇಶದ ಯಾವ ಮೂಲೆಯವರೂ ಆಗಿರಬಹುದು, ಸಾಲದ ತೀರ್ಮಾನ ಇನ್ನೆಲ್ಲೋ ಆಗಬಹುದು. ಮಾತು ಅಲ್ಲಿಗೆ ತಲುಪುವುದಿಲ್ಲ, ಕಾಗದ ತಲುಪುತ್ತದೆ. ಪೇಟೆಯ ಹಿರಿಯರಿಗೆ ಇದು ಹೊಸ ಕಷ್ಟ.

150 ಪದದ ಪಾಠ

ಚುಟುಕಾಗಿ ಬರೆಯುವುದನ್ನು ಕಲಿಸಲು ಕಾಲೇಜುಗಳಿಗೆ ಒಂದು ಸಿದ್ಧ ಅಭ್ಯಾಸ ಉಂಟು. ಮಾಹಿತಿ ಹಕ್ಕು ಅರ್ಜಿ. 2005ರ ಕಾಯ್ದೆಯಂತೆ ಕನ್ನಡದಲ್ಲೇ ಬರೆಯಬಹುದು, ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದ ಮೀರಬಾರದು. ಈ ಮಿತಿಯನ್ನು ಹಲವರು ಟೀಕಿಸಿದ್ದಾರೆ. ಟೀಕೆ ನ್ಯಾಯವೇ. ಆದರೆ ಬರವಣಿಗೆ ಕಲಿಯುವವರಿಗೆ ಇದೊಂದು ಒಳ್ಳೆಯ ಒರೆಗಲ್ಲು.

ಅಂಗಡಿ ಎದುರು ಚರಂಡಿ ಕೆಲಸ ಅರ್ಧಕ್ಕೆ ನಿಂತಿದೆ ಎನ್ನಿ. ‘ನಮ್ಮ ಅಂಗಡಿ ಎದುರಿನ ಚರಂಡಿ ಯಾಕೆ ಮುಗಿಸಿಲ್ಲ, ಯಾವಾಗ ಮುಗಿಸ್ತೀರಿ?’ ಎಂದು ಬರೆದರೆ ಉತ್ತರ ಸಿಗುವುದು ಅನುಮಾನ. ಆ ಕಾಯ್ದೆ ಕೊಡುವುದು ಕಡತದಲ್ಲಿರುವ ದಾಖಲೆಯನ್ನು. ಮುಂದೆ ಯಾವಾಗ ಮುಗಿಸುತ್ತೇವೆ ಎಂಬ ಮಾತು ಕೊಡುವುದು ಅದರ ಕೆಲಸವಲ್ಲ. ‘ಈ ಕಾಮಗಾರಿಯ ಕಾರ್ಯಾದೇಶದ ಪ್ರತಿ, ಮುಗಿಸಬೇಕಿದ್ದ ದಿನಾಂಕ ಇರುವ ಪುಟ, ಈವರೆಗೆ ಪಾವತಿಸಿದ ಬಿಲ್‌ಗಳ ಪ್ರತಿ ಕೊಡಿ’ ಎಂದರೆ ಕೊಡದೆ ವಿಧಿಯಿಲ್ಲ. ಕೋಪ ಅದೇ, ಪ್ರಶ್ನೆ ಬೇರೆ. ಈ ವ್ಯತ್ಯಾಸ ಒಮ್ಮೆ ಗೊತ್ತಾದ ವಿದ್ಯಾರ್ಥಿ ಕಂಪೆನಿಗೆ ಇಮೇಲ್ ಬರೆಯುವಾಗಲೂ ಏನನ್ನು ಕೇಳಬೇಕು ಎಂಬುದನ್ನು ಸರಿಯಾಗಿ ಹಿಡಿಯುತ್ತಾನೆ.

ಕಲಿಯಲು ದೂರ ಹೋಗಬೇಕಾಗಿಲ್ಲ

ಸಭೆಯ ನಡಾವಳಿ ಬರೆಯುವುದು ಪದವಿಯ ಪಠ್ಯದಲ್ಲಿ ಒಣ ವಿಷಯ. ಆದರೆ ನಮ್ಮ ಹಳ್ಳಿಗಳ ಪ್ರಗತಿಬಂಧು ತಂಡಗಳಲ್ಲಿ, ಸ್ವಸಹಾಯ ಸಂಘಗಳಲ್ಲಿ, ಹಾಲಿನ ಸೊಸೈಟಿಗಳಲ್ಲಿ ನಿರ್ಣಯ ಪುಸ್ತಕ ನಿಯಮಿತವಾಗಿ ತುಂಬುತ್ತಲೇ ಇರುತ್ತದೆ. ಯಾರು ಬಂದರು, ಯಾರಿಗೆ ಎಷ್ಟು ಸಾಲ, ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಕೊನೆಗೆ ಸಹಿ. ಬೀಡಿ ಕಟ್ಟುತ್ತಲೇ ಸಂಘದ ಪುಸ್ತಕ ಬರೆದ ಅಮ್ಮಂದಿರ ಕೈಬರಹವನ್ನು ಬಿ.ಕಾಂ ಓದುವ ಮಕ್ಕಳು ಒಮ್ಮೆ ಕುಳಿತು ಓದಿದರೆ ಒಳ್ಳೆಯದು. ಅದರಲ್ಲಿ ಒಂದು ಪದ ಹೆಚ್ಚಿರುವುದಿಲ್ಲ. ಹೆಚ್ಚು ಬರೆಯಲು ಪುರುಸೊತ್ತೂ ಇರಲಿಲ್ಲ ಅನ್ನಿ.

ಸ್ವಂತ ವ್ಯಾಪಾರ ಶುರು ಮಾಡುವವರಿಗೆ ಉಜಿರೆಯ ರುಡ್‌ಸೆಟ್ ಸಂಸ್ಥೆ ಹತ್ತಿರವೇ ಉಂಟು. 1982ರಲ್ಲಿ ಧರ್ಮಸ್ಥಳದ ಸಂಸ್ಥೆ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ ಶುರು ಮಾಡಿದ ಈ ತರಬೇತಿಯ ಮಾದರಿಯನ್ನೇ ಕೇಂದ್ರ ಸರಕಾರ ಆಮೇಲೆ ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು. ತರಬೇತಿ ಉಚಿತ. ಹೊಲಿಗೆ, ಮೊಬೈಲ್ ರಿಪೇರಿಯಂಥ ಕಸುಬಿನ ಜತೆಗೆ ಮಾರುಕಟ್ಟೆ ಸಮೀಕ್ಷೆ, ಯೋಜನಾ ವರದಿ ತಯಾರಿಸುವುದನ್ನೂ ಅಲ್ಲಿ ಹೇಳಿಕೊಡುತ್ತಾರೆ. ಮುದ್ರಾ ಯೋಜನೆಯಲ್ಲಿ 50 ಸಾವಿರ ರೂಪಾಯಿವರೆಗಿನ ಶಿಶು ಸಾಲದಿಂದ ಹಿಡಿದು, ಹಿಂದಿನ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗಿನ ತರುಣ್ ಪ್ಲಸ್ ತನಕ ಅವಕಾಶ ಇದೆ. ಮೊತ್ತ ಹೆಚ್ಚಾದ ಹಾಗೆ ಬ್ಯಾಂಕಿನವರು ನೋಡುವುದು ಯೋಜನಾ ವರದಿಯನ್ನು. ‘ಅಂಗಡಿ ಚೆನ್ನಾಗಿ ನಡೆಯಬಹುದು’ ಎಂಬ ವಾಕ್ಯಕ್ಕೆ ಬೆಲೆ ಇಲ್ಲ. ದಿನಕ್ಕೆ ಎಷ್ಟು ಗಿರಾಕಿ, ಒಬ್ಬರಿಂದ ಸರಾಸರಿ ಎಷ್ಟು, ಬಾಡಿಗೆ, ಕರೆಂಟು, ಕಂತು ಕಳೆದು ಎಷ್ಟು ಉಳಿಯುತ್ತದೆ ಎಂದು ಬರೆದರೆ ಬೆಲೆ ಉಂಟು.

ಕೆಲಸ ಹುಡುಕುವವರ ಮಾತು ಬೇರೆ. ಮಂಗಳೂರು, ಬೆಂಗಳೂರು, ಗಲ್ಫ್ ಎಲ್ಲಿಗೇ ಹೋದರೂ ಇಂಗ್ಲಿಷ್ ಇಮೇಲ್, ಒಂದು ಪುಟದ ಬಯೋಡೇಟಾ ಬೇಕೇ ಬೇಕು. ಅದನ್ನು ಕಲಿಸಲು ಬೇಕಾದಷ್ಟು ವೀಡಿಯೊಗಳು ಉಂಟು.

ಈಗ ಮೊಬೈಲಿನಲ್ಲಿ ಚಾಟ್‌ಜಿಪಿಟಿಯಂಥವು ಬಂದಿವೆ, ಪತ್ರ ಬರೆಯಲು ಕಲಿಯುವುದೇ ಯಾಕೆ ಎಂದು ಕೇಳುವ ಮಕ್ಕಳೂ ಇದ್ದಾರೆ. ಅದು ಭಾಷೆ ಚಂದ ಮಾಡಿಕೊಡುತ್ತದೆ, ಸಂಶಯವಿಲ್ಲ. ಆದರೆ ಚೆಕ್ ಸಂಖ್ಯೆ, ಮೆಮೊ ಕೈಸೇರಿದ ದಿನ, ಗಿರಾಕಿ ದೂರದ ಸಂಬಂಧಿ ಎಂಬ ಸಂಗತಿ ಅದಕ್ಕೆ ಗೊತ್ತಿರುವುದಿಲ್ಲ. ಕೆಲವೊಮ್ಮೆ ಇಲ್ಲದ ಕಲಂ ಸಂಖ್ಯೆಯನ್ನೂ ಧೈರ್ಯದಿಂದ ಬರೆದುಬಿಡುತ್ತದೆ. ಸಹಿ ಹಾಕುವವರು ಅಂಗಡಿಯವರು, ಜವಾಬ್ದಾರಿಯೂ ಅವರದ್ದೇ. ಏನೇನು ಇರಬೇಕು ಎಂದು ಗೊತ್ತಿದ್ದವರಿಗೆ ಮಾತ್ರ ಅದು ಬರೆದುಕೊಟ್ಟದ್ದರಲ್ಲಿ ಏನು ಬಿಟ್ಟುಹೋಗಿದೆ ಎಂದು ಕಾಣುತ್ತದೆ.

ಕಾಲೇಜು ಮತ್ತು ಪೇಟೆ ನಡುವೆ ಆಗಬಹುದಾದ ಸುಲಭದ ಕೆಲಸ ಒಂದು ಉಂಟು. ಅಸೈನ್‌ಮೆಂಟ್‌ಗೆ ಪುಸ್ತಕದ ‘ಎ ಆ್ಯಂಡ್ ಕಂಪೆನಿ, ಬಿ ಆ್ಯಂಡ್ ಸನ್ಸ್’ ಬದಲು ಪೇಟೆಯ ನಿಜವಾದ ಕಾಗದ ಕೊಡುವುದು. ಹೆಸರು, ಖಾತೆ ಸಂಖ್ಯೆ ಮರೆಮಾಡಿದ ಒಂದು ಹಳೆಯ ನೋಟಿಸ್, ಕಂಪೆನಿಗೆ ಹೋದ ಒಂದು ದೂರು, ಬ್ಯಾಂಕ್ ವಾಪಸ್ ಮಾಡಿದ ಒಂದು ಸಾಲದ ಅರ್ಜಿ. ವಿದ್ಯಾರ್ಥಿ ಅದಕ್ಕೆ ಉತ್ತರ ಬರೆಯಲಿ, ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಅಂಗಡಿಯವರೇ ಓದಿ ‘ಇದು ಆಗ್ತದೆ, ಇದು ಆಗುವುದಿಲ್ಲ’ ಎನ್ನಲಿ. ಇದಕ್ಕೆ ಹೊಸ ಪಠ್ಯ ಬೇಡ, ಅನುದಾನ ಬೇಡ.

ಮನೆಯಲ್ಲಿ ಇವತ್ತೇ ಶುರು ಮಾಡುವವರು ಒಂದು ಫೈಲು ತೆಗೆದು ಇಟ್ಟುಕೊಳ್ಳಬಹುದು. ಕಳುಹಿಸಿದ ಪ್ರತಿ ಪತ್ರದ ನಕಲು, ಅದರ ಹಿಂದೆ ಅಂಚೆ ರಶೀದಿ, ಅದರ ಹಿಂದೆ ಪತ್ರ ತಲುಪಿದ ದಿನಾಂಕ ಇರುವ ಟ್ರ್ಯಾಕಿಂಗ್ ಪುಟದ ಪ್ರಿಂಟ್. ಈ ಪ್ರಿಂಟನ್ನು ಪತ್ರ ತಲುಪಿದ ವಾರದಲ್ಲೇ ತೆಗೆದಿಡಿ, ಬ್ಯಾಂಕಿನ ಮೆಮೊದ ಮೇಲೂ ಅದು ಕೈಗೆ ಬಂದ ದಿನಾಂಕವನ್ನು ಪೆನ್ಸಿಲಿನಲ್ಲಾದರೂ ಬರೆದಿಡಿ. 30 ದಿನದ ಲೆಕ್ಕ ಶುರುವಾಗುವುದು ಅಲ್ಲಿಂದ.